ಎಡಗಡೆಯ ಮೂರು ಚೌಕ

197ನೇ ದಿನ ನಾನು ಗುಂಪಿಗೆ ಕಳಿಸಿದ ಫೋಟೋದಲ್ಲಿ ನನ್ನದೇ ಬೆರಳು ಬಿದ್ದಿತ್ತು. ಅಂದು ಮಂಗಳವಾರ. ಶ್ರೀಗಂಧದ ಕಾವಲಿನ ತಿರುವಿನಲ್ಲಿ ಬಾಳೆಗೊನೆ ತುಂಬಿದ ಟೆಂಪೋ ಒಂದು ಕೆಟ್ಟು ನಿಂತಿತ್ತು. ಚಾಲಕ ಗೊನೆಗಳಿಗೆ ಒರಗಿಕೊಂಡು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದ. ಬೆಳಕು ಹೋಗಿಬಿಡುತ್ತದೆ ಎಂದು ನಾನು ಗಾಡಿಯಿಂದ ಇಳಿಯದೆ ಮೊಬೈಲ್ ಅಡ್ಡ ಹಿಡಿದು ತೆಗೆದೆ. ಮನೆಗೆ ಬಂದು 6.50ಕ್ಕೆ ಕಳಿಸಿದೆ. ಕಳಿಸಿದ ಮೇಲೆ ಕಂಡಿತು. ಚಿತ್ರದ ಎಡ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಮಸುಕಾದ ಗುಲಾಬಿ ಕಂಬದಂತೆ ನನ್ನ ಬೆರಳು.

ನಮ್ಮಲ್ಲಿ ಕಳಿಸಿದ ಫೋಟೋ ಅಳಿಸುವಂತಿಲ್ಲ. ಹಾಗಾಗಿ ಬೆರಳು ಅಲ್ಲೇ ಉಳಿಯಿತು.

ಗುಂಪಿನಲ್ಲಿ ಒಂಬತ್ತು ಜನ ಇದ್ದೆವು. ಯಾರಿಗೂ ಫೋಟೋ ತೆಗೆಯುವುದು ಕಸುಬಲ್ಲ. ಯುಗಾದಿಯ ಮರುದಿನ ಶುರು ಮಾಡಿದ್ದು. ನಿಯಮ ಸರಳ: ದಿನಕ್ಕೆ ಒಂದೇ ಫೋಟೋ, ಅಂದೇ ತೆಗೆದದ್ದು, ಸಂಜೆ ಏಳರೊಳಗೆ. ಪ್ರತಿಯೊಬ್ಬರ ಫೋಟೋಗೂ ಅಂದು ಒಬ್ಬರೇ ವಿಮರ್ಶಕರು, ಸರದಿಯ ಪ್ರಕಾರ. ವಿಮರ್ಶೆ ಮೂರೇ ವಾಕ್ಯ. ಮೊದಲು ಕಣ್ಣು ಎಲ್ಲಿ ಹೋಯಿತು, ಯಾವುದು ಅಡ್ಡ ಬಂತು, ಏನನ್ನು ಬಿಡಬಹುದಿತ್ತು. ಫೋಟೋ ತೆಗೆದವರು ಮರುದಿನ ಬೆಳಿಗ್ಗೆ ಎಂಟರವರೆಗೆ ತುಟಿ ಬಿಚ್ಚುವಂತಿಲ್ಲ. ಬೇರೆಯವರೂ ನಡುವೆ ಬಾಯಿ ಹಾಕುವಂತಿಲ್ಲ.

ಸರದಿಯ ಪಟ್ಟಿ ನೋಡಿಕೊಳ್ಳುವ ಕೆಲಸ ನನ್ನದು. ವಿಜಯನಗರದ ಒಂದು ಶಾಲೆಯ ಆಫೀಸಿನಲ್ಲಿ ಹಾಜರಾತಿ, ಪ್ರವೇಶದ ಅರ್ಜಿ, ವರ್ಗಾವಣೆ ಪತ್ರ ನೋಡಿಕೊಳ್ಳುವವಳಿಗೆ ಇದೇನು ಕಷ್ಟ ಎಂದು ಎಲ್ಲರೂ ಒಪ್ಪಿಸಿದ್ದರು. ಕಷ್ಟವಿರಲಿಲ್ಲ. ನನಗೆ ಚಿಕ್ಕಂದಿನಿಂದ ದಿನಚರಿ ಬರೆಯುವ ಅಭ್ಯಾಸ. ಮಳೆ ಬಂದ ದಿನ, ಬಸ್ ತಪ್ಪಿದ ದಿನ, ತಲೆಗೆ ಎಣ್ಣೆ ಹಚ್ಚಿದ ದಿನ ಎಲ್ಲಕ್ಕೂ ಎಣಿಕೆ ಇದೆ. ಗುಂಪಿಗಾಗಿ ಬೇರೆ ನೋಟ್‌ಬುಕ್ ಇಟ್ಟೆ. ಯಾರು ಎಷ್ಟು ಹೊತ್ತಿಗೆ ಕಳಿಸಿದರು, ಯಾರು ವಿಮರ್ಶಿಸಿದರು ಎಂಬುದರ ಜೊತೆಗೆ ಇನ್ನೊಂದು ಕಾಲಂ ನಾನೇ ಸೇರಿಸಿದ್ದೆ. ಚಿತ್ರವನ್ನು ಮನಸ್ಸಿನಲ್ಲೇ ಅಡ್ಡ ಮೂರು, ಉದ್ದ ಮೂರು, ಒಟ್ಟು ಒಂಬತ್ತು ಚೌಕ ಮಾಡಿ, ವಿಮರ್ಶಕರು ಹೇಳಿದ ವಸ್ತು ಯಾವ ಚೌಕದಲ್ಲಿದೆ ಎಂದು ಸಂಖ್ಯೆ ಬರೆಯುತ್ತಿದ್ದೆ. ಎಡಗಡೆಯ ಮೂರು ಚೌಕ 1, 4, 7. ನಡುವಿನವು 2, 5, 8. ಬಲಗಡೆಯವು 3, 6, 9. ಇದನ್ನು ಯಾರೂ ಕೇಳಿರಲಿಲ್ಲ. ಗೊತ್ತಾದರೆ ನಗುತ್ತಾರೆ ಎಂದು ನಾನೂ ಹೇಳಿರಲಿಲ್ಲ.

197ರಂದು ನನ್ನ ಫೋಟೋ ವಿಮರ್ಶಿಸುವ ಸರದಿ ಸಾರ್ ಅವರದಾಗಿತ್ತು. ಗುಂಪು ಕಟ್ಟಿದವರು ಅವರೇ. ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಲೇತ್‌ನಿಂದ ಬಂದ ಬಿಡಿಭಾಗವನ್ನು ಅಳತೆ ಮಾಡಿ ಪಾಸು, ರಿಜೆಕ್ಟು ಎಂದು ಎರಡು ಟ್ರೇಗೆ ಹಾಕುವುದು ಅವರ ಜೀವನದ ಕೆಲಸವಾಗಿತ್ತು. ಫೋಟೋದ ಮೂಲೆಯಲ್ಲಿ ಕೂದಲೆಳೆಯಷ್ಟು ಕರೆಂಟ್ ವೈರ್ ನುಸುಳಿದ್ದರೂ ಬಿಡುತ್ತಿರಲಿಲ್ಲ. ನನ್ನ 13ನೇ ದಿನದ ಫೋಟೋಗೆ, ಎಡ ಕೆಳಮೂಲೆಯಲ್ಲಿ ಬಿದ್ದಿದ್ದ ಒಂದು ಬೆಂಕಿಕಡ್ಡಿಯನ್ನು ಹಿಡಿದು ಇದಕ್ಕೆ ಇಲ್ಲೇನು ಕೆಲಸ ಎಂದು ಕೇಳಿದ್ದರು. ಅಂದು ಅತ್ತಿದ್ದೆ. ಆಮೇಲೆ ಅವರ ಸರದಿಯ ದಿನ ಮೂಲೆಗಳನ್ನು ಎರಡೆರಡು ಸಲ ನೋಡಿ ಕಳಿಸುವುದನ್ನು ಕಲಿತೆ.

ಅಂಥವರು ನನ್ನ ಬೆರಳಿಗೆ ಏನು ಬರೆಯುತ್ತಾರೋ ಎಂದು ಏಳರಿಂದ ಎಂಟರವರೆಗೆ ಅಡುಗೆಮನೆಗೂ ಹಾಲಿಗೂ ಓಡಾಡಿದೆ. ಅಮ್ಮ ಎರಡು ಸಲ ಏನಾಗಿದೆ ಎಂದು ಕೇಳಿದಳು. 8.05ಕ್ಕೆ ಬಂತು. ಮೊದಲು ಕಣ್ಣು ಬಾಳೆಗೊನೆಯ ಮೇಲೆ ಹೋಗುತ್ತದೆ. ಬಲ ಮೇಲಿನ ಮೆಡಿಕಲ್ ಶಾಪ್ ಬೋರ್ಡ್ ಅಡ್ಡ. ಅದೊಂದನ್ನು ಬಿಟ್ಟಿದ್ದರೆ ಸಾಕಿತ್ತು.

ಅಷ್ಟೇ. ಬೆರಳಿನ ಮಾತೇ ಇಲ್ಲ.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಚಿತ್ರದ ಆರನೇ ಒಂದು ಭಾಗ ಬೆರಳು. ಅದನ್ನು ಬಿಟ್ಟು ಬೋರ್ಡಿನ ಬಗ್ಗೆ ಬರೆಯುತ್ತಾರೆ ಎಂದರೆ ಇವರು ನನ್ನ ಫೋಟೋ ನೋಡುವುದನ್ನೇ ಬಿಟ್ಟಿದ್ದಾರೆ ಎಂದುಕೊಂಡೆ. ಪಾಪ, ಇವಳಿಗೆ ಹೇಳಿ ಏನು ಪ್ರಯೋಜನ ಎಂದು ಬಿಟ್ಟಿರಬೇಕು. ಬೈಸಿಕೊಳ್ಳುವುದಕ್ಕಿಂತ ಅದು ಹೆಚ್ಚು ಉರಿಯಿತು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಅದಕ್ಕೂ ಸುಮಾರು ಒಂದು ತಿಂಗಳ ಮೊದಲಿನಿಂದ ಸಾರ್ ಅವರ ಸ್ವಂತ ಫೋಟೋಗಳು ಬದಲಾಗಿದ್ದವು. ಬಲಗಡೆ ಎಲ್ಲ ಮೊದಲಿನಷ್ಟೇ ಅಚ್ಚುಕಟ್ಟು. ಎಡಗಡೆ ಮಾತ್ರ ಯಾರೋ ಬೇರೆಯವರು ತೆಗೆದಂತೆ. ಅರ್ಧ ಕತ್ತರಿಸಿದ ಆಟೋ, ಯಾರದೋ ಮೊಣಕೈ, ಕಸದ ಬುಟ್ಟಿಯ ಮುಕ್ಕಾಲು. ಮೊದಲ ಸಲ ನೋಡಿದಾಗ ನಮಗೆಲ್ಲ ಗೊಂದಲವಾಯಿತು. ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಸದಸ್ಯೆಯೊಬ್ಬರು ತಮ್ಮ ಸರದಿಯಲ್ಲಿ, ಸಾರ್ ಎಡಗಡೆಯನ್ನು ಊರಿಗೆ ಬಿಟ್ಟುಕೊಟ್ಟಿದ್ದಾರೆ, ನಮ್ಮ ಹಿಡಿತಕ್ಕೆ ಸಿಗದ್ದೂ ಚಿತ್ರದಲ್ಲಿರಲಿ ಎಂಬ ಧೈರ್ಯ ಇದು ಎಂದು ಬರೆದರು. ಓದಿದ ಮೇಲೆ ನಮಗೂ ಹಾಗೇ ಕಂಡಿತು. ಎರಡು ವಾರದಲ್ಲಿ ಅದಕ್ಕೆ ಗುಂಪಿನಲ್ಲಿ ಹೆಸರೇ ಬಿತ್ತು: ಎಡ ಬಿಡುವುದು. ಒಬ್ಬೊಬ್ಬರಾಗಿ ಎಲ್ಲರೂ ಎಡ ಬಿಡತೊಡಗಿದರು. ಬೇಕೆಂದೇ ಎಡಕ್ಕೆ ಅರ್ಧ ಮನುಷ್ಯ, ಅರ್ಧ ನಾಯಿ. ಸಾರ್ ಮರುದಿನ ಬೆಳಿಗ್ಗೆ ಎಂಟಕ್ಕೆ ಈ ಹೊಗಳಿಕೆಗಳಿಗೆಲ್ಲ ಒಂದು ಕೈಮುಗಿಯುವ ಚಿತ್ರ ಮಾತ್ರ ಕಳಿಸುತ್ತಿದ್ದರು. ನಾವು ಅದನ್ನು ವಿನಯ ಎಂದುಕೊಂಡೆವು. ನನ್ನ ಸರದಿ ಐದು ಸಲ ಬಂದಿತ್ತು: 164, 172, 180, 188, 196. ಐದೂ ಸಲ ನಾನೂ ಹೊಗಳಿದ್ದೆ.

198ನೇ ದಿನ, ಬುಧವಾರ, ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ನೋಟ್‌ಬುಕ್ ತೆರೆದೆ. ಸಾರ್ ನನ್ನನ್ನು ಕಡೆಗಣಿಸುತ್ತಿದ್ದಾರೆ ಎಂಬುದನ್ನು ಅಂಕಿಯಲ್ಲಿ ಹಿಡಿಯಬೇಕಿತ್ತು. ಬೇರೆಯವರಿಗೆ ಎಷ್ಟು ತಪ್ಪು ಹೇಳುತ್ತಾರೆ, ನನಗೆ ಎಷ್ಟು ಎಂದು ಎಣಿಸಿದೆ. ವ್ಯತ್ಯಾಸ ಇರಲಿಲ್ಲ. ಎಲ್ಲರಿಗೂ ಒಂದೇ ಥರ ಬರೆದಿದ್ದರು. ಮತ್ತೆ ಚೌಕಗಳ ಕಾಲಂ ಹಿಡಿದು ಕೆಳಗಿನಿಂದ ಮೇಲಕ್ಕೆ ಹೋದೆ. 3, 9, 5, 6, 6, 2, 3, 8. ಪುಟ ತಿರುಗಿಸಿದೆ. 3, 5, 9, 6. ಅದರ ಹಿಂದಿನ ಪುಟ. ಹಾಗೇ.

1, 4, 7 ಎಲ್ಲೂ ಇರಲಿಲ್ಲ.

ಪೆನ್ಸಿಲ್ ತೆಗೆದುಕೊಂಡು ಮೊದಲ ದಿನದಿಂದ ಎಣಿಸಿದೆ. ಒಂದರಿಂದ 162ನೇ ದಿನದವರೆಗೆ ಅವರು ಬರೆದ ವಿಮರ್ಶೆಗಳಲ್ಲಿ 58ರಲ್ಲಿ ಎಡಗಡೆಯ ಯಾವುದಾದರೂ ಒಂದು ಚೌಕ ಇತ್ತು. 163ರಿಂದ ಹಿಂದಿನ ದಿನದವರೆಗೆ 35 ವಿಮರ್ಶೆ. ಎಡಗಡೆ ಸೊನ್ನೆ. ತಪ್ಪಿರಬೇಕೆಂದು ಇನ್ನೊಂದು ಸಲ ಎಣಿಸಿದೆ. ಬೆಲ್ ಹೊಡೆಯಿತು. ವರ್ಗಾವಣೆ ಪತ್ರಕ್ಕೆ ಬಂದಿದ್ದ ಒಬ್ಬರು ಕೌಂಟರಿನ ಮುಂದೆ ನಿಂತು ಮೇಡಂ, ಮೇಡಂ ಎನ್ನುತ್ತಿದ್ದರು. ಅವರ ಮಗಳ ಹುಟ್ಟಿದ ದಿನಾಂಕವನ್ನು ತಪ್ಪು ಬರೆದು ಕೊಟ್ಟೆ. ಅವರೇ ತೋರಿಸಿದರು.

ಏನಿರಬಹುದು ಎಂಬ ಊಹೆ ಅಲ್ಲೇ ಬಂದಿತ್ತು. ಆದರೆ ಮೂವತ್ತನಾಲ್ಕು ವರ್ಷ ಕಣ್ಣಿನಿಂದಲೇ ಊಟ ಮಾಡಿದ ಮನುಷ್ಯನ ಮುಂದೆ ಹೋಗಿ ನಿಮಗೆ ಕಾಣುತ್ತಿಲ್ಲ ಎನ್ನಲು ಒಂದು ಕಾಲಂ ಸಾಕೇ ಎನ್ನಿಸಿತು. ಹಾಗಾಗಿ ಪರೀಕ್ಷೆ ಮಾಡಲು ಹೊರಟೆ. ಅದು ಸರಿಯಾಗಿತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ.

199ರಂದು ಹೆಗ್ಗನಹಳ್ಳಿಯ ಒಂದು ಬೀದಿಯಲ್ಲಿ ಮುಚ್ಚಿದ ಶಟರ್ ಮುಂದೆ ಸರಿಯಾಗಿ ನಡುವೆ ನಾಯಿಯೊಂದು ಮಲಗಿತ್ತು. ಅಕ್ಷರ ಏನೂ ಇಲ್ಲದ ಬೂದು ಶಟರ್. ಪಕ್ಕದ ಮನೆಯವರ ಕೆಂಪು ಬಕೆಟ್ ಕೇಳಿ ತಂದು ಎಡ ತುದಿಯಲ್ಲಿ ಇಟ್ಟೆ. ಯಾಕೆಂದು ಅವರು ಕೇಳಿದರು. ರೀಲ್ಸಾ ಎಂದು ಅವರೇ ಉತ್ತರವನ್ನೂ ಕೊಟ್ಟುಕೊಂಡರು. ಪಟ್ಟಿ ನನ್ನ ಕೈಯಲ್ಲೇ ಇದ್ದದ್ದರಿಂದ ಅಂದಿನ ಸರದಿಯನ್ನು ಅದಲುಬದಲು ಮಾಡಿ ನನ್ನ ಫೋಟೋ ಸಾರ್‌ಗೆ ಬರುವಂತೆ ಮಾಡಿದೆ. 199 ದಿನದಲ್ಲಿ ಪಟ್ಟಿಯಲ್ಲಿ ನಾನು ಮಾಡಿದ ಮೊದಲ ಸುಳ್ಳು ಅದು. ಅವರು ಬರೆದರು: ಕಣ್ಣು ನೇರ ನಾಯಿಗೆ ಹೋಗುತ್ತದೆ. ಅಡ್ಡ ಬರುವುದು ಏನೂ ಇಲ್ಲ. ಇಷ್ಟು ಶುಭ್ರವಾದ ಚಿತ್ರ ನೀನು ಈವರೆಗೆ ತೆಗೆದಿರಲಿಲ್ಲ.

ಬೇರೆ ಯಾವ ದಿನ ಈ ಮಾತು ಬಂದಿದ್ದರೂ ನಾನು ಅದನ್ನು ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದೆ.

ಮರುದಿನ ಶುಕ್ರವಾರ, ಅದೇ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಗುಂಪಿಗಲ್ಲದೆ ಅವರಿಗೊಬ್ಬರಿಗೇ ಕಳಿಸಿದೆ. ಈಗ ಬಕೆಟ್ ಬಲಗಡೆ. ಇದು ಹೇಗಿದೆ ಸಾರ್ ಎಂದಷ್ಟೇ ಕೇಳಿದೆ. ಹತ್ತು ನಿಮಿಷದಲ್ಲಿ ಧ್ವನಿ ಸಂದೇಶ ಬಂತು.

"ನಿನ್ನೇದೇ ಚೆನ್ನಾಗಿತ್ತಲ್ಲಮ್ಮ. ಅದೇ ನಾಯಿ, ಅದೇ ಜಾಗ, ಎಲ್ಲಾ ಸರಿ. ಇವತ್ತು ಆ ಕೆಂಪು ಬಕೆಟ್ ಯಾಕ್ ತಂದಿಟ್ಟೆ?"

ಅದನ್ನು ನಾಲ್ಕು ಸಲ ಕೇಳಿದೆ. ಹಿಂದೆ ಸ್ಕೂಟರಿನ ಸದ್ದಿತ್ತು. ಎಲ್ಲೋ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಮಾತಾಡಿದ್ದರು. ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದದ್ದು ಫೋಟೋ ಮಾತ್ರ. ಅವರು ದಿನಾ ಮಾಗಡಿ ರಸ್ತೆಯಲ್ಲಿ ಸ್ಕೂಟರ್ ಓಡಿಸುತ್ತಾರೆ, ಎಡಗಡೆಯಿಂದ ಬರುವ ಯಾವುದೂ ಅವರಿಗೆ ಕಾಣುತ್ತಿಲ್ಲ ಎಂಬುದು ಆಗ ಹೊಳೆಯಿತು.

ಗುಂಪಿನಲ್ಲಿ ವಿಜಯಪುರದ ಕಡೆಯ ಹುಡುಗನೊಬ್ಬನಿದ್ದ. ಊಟದ ಡೆಲಿವರಿ ಮಾಡುತ್ತಾನೆ, ಬಾಗಿಲುಗಳ ಫೋಟೋ ಮಾತ್ರ ತೆಗೆಯುತ್ತಾನೆ. ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ತನ್ನದೊಂದು ಕಥೆ ಹೇಳಿದ. ಎರಡು ವಾರದ ಹಿಂದೆ ಹಾವನೂರು ಸರ್ಕಲ್ ಸಿಗ್ನಲ್‌ನಲ್ಲಿ ಸಾರ್ ಅವರ ಎಡಕ್ಕೇ ಬೈಕ್ ನಿಲ್ಲಿಸಿ ಕೈ ಎತ್ತಿದ್ದನಂತೆ. ಮೂರು ಅಡಿ ದೂರ. ಅವರು ತಿರುಗಿಯೂ ನೋಡಲಿಲ್ಲವಂತೆ.

"ಡೆಲಿವರಿ ಟಿ-ಶರ್ಟ್ ನೋಡಿ ಗುರ್ತ ಹಿಡೀಲಿಲ್ಲ ಅಂತ ತಿಳ್ಕೊಂಡಿದ್ದೆ ಅಕ್ಕಾ," ಎಂದ. "ಎರಡ್ ದಿನ ಅವ್ರ ಮ್ಯಾಲೆ ಸಿಟ್ಟಿತ್ತು ನಂಗ."

ನಾಳೆ ಶಾಲೆ ಅರ್ಧ ದಿನ, ಮುಗಿಸಿಕೊಂಡು ಹೋಗಿ ಹೇಳಲೇ, ಅಥವಾ ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳಲೇ ಎಂದು ಕೇಳಿದೆ.

"ಇನ್ನೇನ್ ಖಾತ್ರಿ ಬೇಕವ್ವಾ ನಿಂಗ? ನೀ ಹೇಳ್ಲಿಲ್ಲಂದ್ರ ಯಾವ್ದರ ಬಸ್ಸು ಹೇಳ್ತೈತಿ."

201ನೇ ದಿನ ಮಧ್ಯಾಹ್ನ ಎರಡಕ್ಕೆ ಅವರ ಮನೆಗೆ ಹೋದೆ. ಮೊದಲ ಸಲ. ರಾಜಾಜಿನಗರದ ಹಳೆಯ ಮನೆ, ಮುಂದೆ ಕಿರಿದಾದ ಗೇಟು, ಮೇಲಿನ ಪೋರ್ಷನ್ ಬಾಡಿಗೆಗೆ. ಸ್ಕೂಟರ್ ಒಳಗೇ ನಿಂತಿತ್ತು. ಅದನ್ನು ಕಂಡು ಉಸಿರು ಬಿಟ್ಟೆ. ಅದರ ಎಡ ಪಕ್ಕದ ಉದ್ದಕ್ಕೂ ಹೊಸ ಗೀರುಗಳಿದ್ದವು.

ಬಾಗಿಲು ತೆರೆದದ್ದು ಅವರ ಹೆಂಡತಿ. ನಾನು ಯಾರೆಂದು ಹೇಳಿದ ಕೂಡಲೇ ಓ ಲೆಕ್ಕದವಳು ಎಂದು ನಕ್ಕರು. ಸಾರ್ ಒಳಗಿನಿಂದ ಬರುವಾಗ ಎಡ ಭುಜವನ್ನು ಬಾಗಿಲ ಚೌಕಟ್ಟಿಗೆ ತಾಗಿಸಿಕೊಂಡು ಬಂದರು.

"ನೋಡಮ್ಮ, ಮೂವತ್ತು ವರ್ಷದಿಂದ ಇರೋ ಬಾಗ್ಲು," ಎಂದರು ಆಂಟಿ. "ಇವರಿಗೆ ಈಗ ಹೊಸದಾಗಿ ಬಂದಿದೆ."

ಸಾರ್ ಅದಕ್ಕೆ ಕಿವಿಗೊಡದೆ ನನ್ನನ್ನು ಕೂರಿಸಿ, ತಾನೇನಾದರೂ ತಡವಾಗಿ ಕಳಿಸಿದೆನೇ, ಪಟ್ಟಿಯವರು ಮನೆಯವರೆಗೂ ಬಂದಿದ್ದಾರಲ್ಲ ಎಂದು ತಮಾಷೆ ಮಾಡಿದರು. ನಾನು ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಮರೆತುಹೋದವು. ನೋಟ್‌ಬುಕ್ ತೆರೆದು ಅವರ ಮುಂದೆ ಇಟ್ಟೆ. ಚೌಕಗಳ ಲೆಕ್ಕ ವಿವರಿಸಿದೆ. 162ರ ಕೆಳಗೆ ಗೆರೆ ಎಳೆದಿದ್ದೆ. ಗೆರೆಯ ಮೇಲೆ 58, ಗೆರೆಯ ಕೆಳಗೆ ಸೊನ್ನೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ ಹೋದರು. ಅಂಕಿ ನೋಡುವುದು ಅವರಿಗೆ ಹೊಸದಲ್ಲ. ಮುಖದಲ್ಲಿ ಏನೂ ಕಾಣಲಿಲ್ಲ. ಮೊಬೈಲಿನಲ್ಲಿ ಗುರುವಾರದ ಫೋಟೋ ತೆಗೆದು, ಇದನ್ನು ಸ್ವಲ್ಪ ಬಲಕ್ಕೆ ಸರಿಸಿ ಹಿಡಿದು ನೋಡಿ ಎಂದು ಕೈಗೆ ಕೊಟ್ಟೆ. ಮುಖದ ನೇರಕ್ಕೆ ಹಿಡಿದರು. ಬಲಕ್ಕೆ ಸರಿಸಿದರು. ಮತ್ತೆ ನೇರಕ್ಕೆ. ಮತ್ತೆ ಬಲಕ್ಕೆ. ಬಕೆಟ್ ಬರುತ್ತಿತ್ತು, ಹೋಗುತ್ತಿತ್ತು.

"ನನ್ನ ಟೆಸ್ಟ್ ಮಾಡಿದ್ಯಾ?"

"ಹೂಂ ಸಾರ್."

"ಎರಡು ದಿನ."

"ಹೂಂ."

"ಆ ಎರಡೂ ದಿನ ನಾನು ಸ್ಕೂಟರಲ್ಲಿ ಕೆಂಗೇರಿಗೆ ಹೋಗ್ಬಂದಿದೀನಿ. ನಿನ್ನೆ ಇವಳನ್ನೂ ಹಿಂದೆ ಕೂರಿಸ್ಕೊಂಡು."

ಆಂಟಿ ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದರು. ಸಾರ್ ಎದ್ದು ಕಿಟಕಿಯ ಬಳಿ ಹೋದರು. ಬಲಗಣ್ಣು ಮುಚ್ಚಿಕೊಂಡು ಹೊರಗೆ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿಕೊಂಡರು. ಹಾಗೆ ಮೂರು ಸಲ. ಎರಡು ಕಣ್ಣಲ್ಲೂ ಒಂದೇ ಥರ, ಎಡಗಡೆ ಇಲ್ಲ ಎಂದರು. ಕತ್ತಲು ಎಂದೂ ಅಲ್ಲ, ಇಲ್ಲ ಅಷ್ಟೇ, ಇಲ್ಲ ಅನ್ನುವುದೂ ಗೊತ್ತಾಗುತ್ತಿರಲಿಲ್ಲ ಎಂದರು. ವಾಪಸ್ ಬಂದು ನೋಟ್‌ಬುಕ್ಕಿನ ಮೇಲೆ ಕೈ ಇಟ್ಟರು.

"ಫ್ಯಾಕ್ಟರೀಲಿ ಹುಡುಗರಿಗೆ ನಾನೇ ಹೇಳ್ತಿದ್ದೆ. ಒಂದು ವಾರ ಎಲ್ಲಾ ಪೀಸೂ ಪಾಸಾದ್ರೆ ಖುಷಿ ಪಡ್ಬೇಡಿ, ಮೊದ್ಲು ಅಳೆಯೋ ಗೇಜ್ ಚೆಕ್ ಮಾಡಿ ಅಂತ. ಮೂವತ್ತೆಂಟು ದಿನ ಎಡಗಡೆ ಎಲ್ಲಾ ಪಾಸ್ ಮಾಡಿದೀನಿ. ನಂಗೆ ಅನುಮಾನಾನೇ ಬರ್ಲಿಲ್ಲ ನೋಡು."

ಆಟೋದಲ್ಲಿ ಮೂವರೂ ಬಸವೇಶ್ವರನಗರದ ಒಂದು ಕಣ್ಣಿನ ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಅವರನ್ನು ಒಂದು ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಹೊರಬಂದ ಕಾಗದದಲ್ಲಿ ಎರಡು ವೃತ್ತ, ಎರಡರಲ್ಲೂ ಎಡ ಅರ್ಧ ಕಪ್ಪು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ತುಂಬಾ ಹೊತ್ತು ಆ ಕಾಗದ ನೋಡಿ, ಕಣ್ಣುಗಳು ಎರಡೂ ಚೆನ್ನಾಗಿವೆ, ತೊಂದರೆ ಇರುವುದು ಅವುಗಳ ಹಿಂದೆ, ಮೆದುಳಿನಲ್ಲಿ ಎಂದರು. ಅಲ್ಲಿಗೆ ಹೋಗುವ ರಕ್ತ ಒಂದು ಕಡೆ ಕಟ್ಟಿಕೊಂಡಿರಬೇಕು, ಸ್ಕ್ಯಾನ್ ಆಗಬೇಕು, ಇವತ್ತೇ ಆಗಬೇಕು, ಇನ್ನೊಂದು ಸಲ ಹೀಗಾದರೆ ಕಣ್ಣಿಗೆ ಮಾತ್ರ ಆಗುವುದಿಲ್ಲ ಎಂದರು. ಇದು ಯಾವಾಗಿನಿಂದ ಎಂದು ಕೇಳಿದರು.

ಸಾರ್ ಗೊತ್ತಿಲ್ಲ ಎಂದರು. ಆಂಟಿ ದಸರಾ ಆದ ಮೇಲೆ ಇರಬೇಕು ಎಂದರು. ನಾನು ನೋಟ್‌ಬುಕ್ ತೆರೆದೆ. 163, ಬುಧವಾರ. ಅಂದಿನ ಸಾಲನ್ನು ಅಲ್ಲಿಯವರೆಗೆ ಅಂಕಿಯಾಗಿ ಮಾತ್ರ ನೋಡಿದ್ದೆ. ಈಗ ಪೂರ್ತಿ ಓದಿದೆ. ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: ಸಾರ್ 7.40. ತಡ. ಗಣೇಶನ ಮೆರವಣಿಗೆಯ ತಮಟೆಗೆ ತಲೆನೋವು ಬಂದು ಮಲಗಿದ್ದೆ ಎಂದರು. ತಡದ ಲೆಕ್ಕ: 1.

ಡಾಕ್ಟರು ಆ ಸಾಲನ್ನು ತಮ್ಮ ಪತ್ರದಲ್ಲಿ ಬರೆದುಕೊಂಡರು. ದಿನಾಂಕ ಇಷ್ಟು ಖಚಿತವಾಗಿ ಹೇಳುವವರು ಸಿಗುವುದಿಲ್ಲ ಎಂದು ನನ್ನನ್ನು ಹೊಗಳಿದರು. ನನಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು. ತಲೆನೋವು ಎಂದು ಅವರೇ ಹೇಳಿದ್ದರು. ನಾನು ಏನು ಮಾಡಿದೆ ಎಂದರೆ, ತಡ ಎಂದು ಗುರುತು ಹಾಕಿದೆ.

ಅಲ್ಲಿಂದಲೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸ್ಕ್ಯಾನ್‌ನಲ್ಲಿ ಆ ಡಾಕ್ಟರು ಹೇಳಿದ್ದೇ ಬಂತು. ಎದೆಯ ಬಡಿತವೂ ತಾಳ ತಪ್ಪಿ ಓಡುತ್ತಿತ್ತಂತೆ, ರಕ್ತ ಹೆಪ್ಪುಗಟ್ಟಲು ಅದೇ ಕಾರಣವಂತೆ. ನಾಲ್ಕು ದಿನ ಇಟ್ಟುಕೊಂಡು, ಜೀವನಪೂರ್ತಿ ತೆಗೆದುಕೊಳ್ಳಬೇಕಾದ ಮಾತ್ರೆ ಬರೆದು ಮನೆಗೆ ಕಳಿಸಿದರು. ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಮುಂದಿನದು ಬಾರದಂತೆ ನೋಡಿಕೊಳ್ಳಬಹುದು ಎಂಬುದು ಅವರು ಹೇಳಿದ್ದರ ಸಾರ. ಸ್ಕೂಟರಿನ ಕೀಯನ್ನು ಆಂಟಿ ಎಲ್ಲೋ ಇಟ್ಟುಬಿಟ್ಟರು. ಎಲ್ಲಿ ಎಂದು ಸಾರ್ ಕೂಡ ಕೇಳಲಿಲ್ಲ.

ಆ ವಾರ ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದೆ. 163ರಿಂದ 201ಕ್ಕೆ 38 ದಿನ. ಅದರಲ್ಲಿ ಎರಡು ದಿನ ನನ್ನ ಪರೀಕ್ಷೆಗೆ ಹೋದವು. 164ರಲ್ಲೇ ಅವರ ಫೋಟೋ ವಿಮರ್ಶಿಸುವ ಸರದಿ ನನಗೆ ಬಂದಿತ್ತು. ಅಂದು ಎಡ ಅಂಚಿನಲ್ಲಿ ಯಾರದೋ ಬೈಕಿನ ಅರ್ಧ ಕನ್ನಡಿ ಇತ್ತು. ಅದು ಅಡ್ಡ ಬಂತು ಎಂದು ಒಂದು ವಾಕ್ಯ ಬರೆದಿದ್ದರೆ ಅವರು ಮರುದಿನ ಬೆಳಿಗ್ಗೆ ಎಂಟಕ್ಕೆ, ಯಾವ ಕನ್ನಡಿ ಎಂದು ಕೇಳುತ್ತಿದ್ದರು. ಹಾಗೆ ಕೇಳಿದ್ದರೆ 36 ದಿನ ಉಳಿಯುತ್ತಿತ್ತು. ಬರೆಯದೆ ಇದ್ದದ್ದು ಯಾಕೆ? ಸಾರ್ ತಪ್ಪು ಮಾಡುವುದಿಲ್ಲ ಎಂದು ಗೊತ್ತಿದ್ದದ್ದರಿಂದ. ಕನ್ನಡಿಯಿಂದ ರಸ್ತೆಯ ಗಡಿಬಿಡಿ ಒಳಗೆ ಬರುತ್ತದೆ ಎಂದು ಬರೆದಿದ್ದೆ. ಅಮ್ಮ, ಈ ಲೆಕ್ಕ ಮಾಡಿ ಏನು ಬರುತ್ತೆ ನಿಂಗೆ, ಮನುಷ್ಯ ಮನೆಗೆ ಬಂದಾಯ್ತಲ್ಲ ಎಂದಳು. ಪೆನ್ನು ಮಾತ್ರ ನಿಲ್ಲಲಿಲ್ಲ.

208ನೇ ದಿನ ಸಾರ್ ಗುಂಪಿಗೆ ತಾವೇ ಬರೆದರು. ನನಗೆ ಎಡಗಡೆ ಕಾಣುತ್ತಿಲ್ಲ, ಗಣೇಶನ ಹಬ್ಬದ ಹೊತ್ತಿನಿಂದ. ಅದು ಶೈಲಿ ಅಲ್ಲ. ದಯವಿಟ್ಟು ಇನ್ನು ಯಾರೂ ಎಡ ಬಿಡಬೇಡಿ.

ಬ್ಯಾಂಕಿನ ಸದಸ್ಯೆ ಗುಂಪಿನಿಂದ ಹೊರಹೋದರು; ಸಾರ್ ಫೋನ್ ಮಾಡಿ ಬೈದು ಮೂರನೇ ದಿನ ವಾಪಸ್ ಕರೆತಂದರು. ಡೆಲಿವರಿ ಹುಡುಗ ಮಾತ್ರ ನನಗೆ ಬೇರೆಯಾಗಿ ಬರೆದ: ನಾ ಕಷ್ಟಪಟ್ಟು ಕಲ್ತಿದ್ನೆಲ್ಲಾ ಅಕ್ಕಾ, ಈಗ ಎಲ್ಲಾ ಬಾಗಿಲಾ ಮತ್ತ ನಡುಕ್ಕ ತರಬೇಕು.

214ರಂದು ಸಾರ್ ನನಗೆ ಫೋನ್ ಮಾಡಿದರು. ಯೋಗಕ್ಷೇಮದ ಮಾತೆಲ್ಲ ಎರಡು ನಿಮಿಷದಲ್ಲಿ ಮುಗಿಸಿ, ಆ 38 ದಿನದಲ್ಲಿ ನೀನು ನನಗೆ ಬರೆದದ್ದು ಎಷ್ಟು ಸಲ ಎಂದು ಕೇಳಿದರು. ಐದು ಎಂದೆ. ಐದನ್ನೂ ಮತ್ತೆ ಬರೆದುಕೊಡು ಎಂದರು. ನಿಯಮದ ಪ್ರಕಾರ ಮೂರೇ ವಾಕ್ಯ, ಇದ್ದದ್ದು ಇದ್ದ ಹಾಗೆ, ದಿನಕ್ಕೆ ಒಂದರಂತೆ. ತಾವು ತೆಗೆದ ಫೋಟೋದಲ್ಲಿ ಏನೇನು ಇದೆ ಎಂದು ತಮಗೇ ಗೊತ್ತಿಲ್ಲ, ಮೊಬೈಲ್ ಸರಿಸಿ ಸರಿಸಿ ನೋಡಬಹುದು, ಆದರೂ ಮೊದಲು ಬೇರೆಯವರ ಕಣ್ಣಿಂದ ಕೇಳಬೇಕು ಎಂದರು.

164ಕ್ಕೆ ಕನ್ನಡಿ ಅಡ್ಡ ಎಂದು ಬರೆದೆ. 172ಕ್ಕೆ, ಪಾರಿವಾಳಗಳ ಎಡಕ್ಕೆ ಕಸದ ಬುಟ್ಟಿ. 180ಕ್ಕೆ, ಕಲ್ಯಾಣ ಮಂಟಪದ ಹೊರಗೆ ಪೇರಿಸಿಟ್ಟ ಕುರ್ಚಿಗಳ ಪಕ್ಕ ತಲೆಯಿಲ್ಲದ ಒಬ್ಬ ಅಡುಗೆಯವರು. 188ಕ್ಕೆ, ಆಯುಧಪೂಜೆಯ ಹಾರ ಹಾಕಿದ ಅವರದೇ ಸ್ಕೂಟರ್. ಎಡಕ್ಕೆ ಎದುರು ಮನೆಯವರ ಒಂದು ಕಾಲು, ಒಂದು ಚಪ್ಪಲಿ. ನಾಲ್ಕಕ್ಕೂ ಅವರು ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿ ಎಂದಷ್ಟೇ ಬರೆದರು.

196ರ ಫೋಟೋ ತೆಗೆದು ಕೂತೆ. ಮನೆಯ ಗೇಟಿನ ಒಳಗಿನಿಂದ ತೆಗೆದ ಬೀದಿ. ಬಲಗಡೆ ಹೂವಿನ ಗಾಡಿ, ಸಂಜೆಯ ಬಿಸಿಲು, ಎಲ್ಲ ಅಳತೆಗೆ ಕೂತಿದೆ. ಎಡ ಅಂಚಿನಲ್ಲಿ ಒಬ್ಬ ಹೆಂಗಸಿನ ಅರ್ಧ ಮುಖ. ಮೊದಲ ಸಲ ಬರೆಯುವಾಗ ಅದು ಯಾರೆಂದು ನನಗೆ ತಿಳಿದಿರಲಿಲ್ಲ. ಅರ್ಧ ಮುಖ ಚಿತ್ರಕ್ಕೆ ಒಗಟಿನ ಗುಣ ಕೊಟ್ಟಿದೆ ಎಂದು ಬರೆದಿದ್ದೆ. ಈಗ ತಿಳಿದಿತ್ತು. ಮೊದಲ ವಾಕ್ಯ ಬಂತು. ಎರಡನೆಯದು ಬರಲಿಲ್ಲ. ಅಡ್ಡ ಬಂದದ್ದು ಯಾವುದು ಎಂದು ಬರೆಯಬೇಕಿತ್ತು, ಬಿಡಬಹುದಾಗಿದ್ದದ್ದು ಏನು ಎಂದು ಬರೆಯಬೇಕಿತ್ತು. ಎರಡು ಸಲ ಬರೆದು ಅಳಿಸಿದೆ. ಏಳು ಗಂಟೆ ದಾಟಿತು. ನಾನೂ ತಡ. ಕೊನೆಗೆ ಹೀಗೆ ಕಳಿಸಿದೆ: ಮೊದಲು ಕಣ್ಣು ಹೂವಿನ ಗಾಡಿಗೆ ಹೋಗುತ್ತದೆ. ಎಡ ಅಂಚಿನಲ್ಲಿ ಆಂಟಿ ನಿಂತಿದ್ದಾರೆ, ಅರ್ಧ ಕತ್ತರಿಸಿ ಹೋಗಿದ್ದಾರೆ. ಬೀದಿಯನ್ನು ಬಿಡಬಹುದಿತ್ತು.

ಬೆಳಿಗ್ಗೆ ಎಂಟರವರೆಗೆ ಅವರು ಕಾಯಲಿಲ್ಲ. ಐದು ನಿಮಿಷದಲ್ಲಿ ಫೋನ್ ಬಂತು.

"ಇವಳು ಇದರಲ್ಲಿ ಇದ್ದಾಳಾ?"

ಇದ್ದಾರೆ ಎಂದೆ. ಮೊಬೈಲ್ ಸರಿಸಿ ನೋಡಬಹುದಿತ್ತು. ಅದರ ಬದಲು ನನ್ನನ್ನೇ ಕೇಳುತ್ತಾ ಹೋದರು. ಯಾವ ಸೀರೆ ಎಂದು ಕೇಳಿದರು. ಹಸಿರು, ಸಣ್ಣ ಅಂಚು ಎಂದೆ. ಕೈಯಲ್ಲಿ ಏನಾದರೂ ಇದೆಯೇ ಎಂದು ಕೇಳಿದರು. ಒಂದೇ ಕೈ ಕಾಣುತ್ತದೆ, ಅದು ಗೇಟಿನ ಮೇಲಿದೆ ಎಂದೆ.

"ಎಲ್ಲಿ ನೋಡ್ತಿದ್ದಾಳೆ? ಬೀದೀನಾ?"

"ಇಲ್ಲ ಸಾರ್. ನಿಮ್ಮನ್ನ."

ಆ ಕಡೆ ಫೋನ್ ಕೆಳಗಿಟ್ಟ ಸದ್ದು ಕೇಳಿತು. ಕಟ್ ಮಾಡಲು ಮರೆತಿದ್ದರು. ಅವರು ಒಳಗೆ ತಿರುಗಿ ಆಂಟಿಯನ್ನು ಕರೆದರು, ಒಂದು ನಿಮಿಷ ಇಲ್ಲಿ ಬಾ ಎಂದು. ಹಾಲು ಉಕ್ತಾ ಇದೆ, ಇರಿ ಅಂದ್ರೆ ಎಂದು ಅಡುಗೆಮನೆಯಿಂದ ಅವರು ಹೇಳಿದ್ದು ಕೇಳಿಸಿತು. ನಾನೇ ಕಟ್ ಮಾಡಿದೆ.